ಮಕ್ಕಳ ಆಸ್ಪತ್ರೆಯಲ್ಲಿ ಪೋಸ್ಟ್‌ಡಾಕ್: ನಾನು ಕಲಿತದ್ದು

ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಮಕ್ಕಳ ಆಸ್ಪತ್ರೆಯ ಪೋಸ್ಟ್‌ಡಾಕ್ಟರಲ್ ತರಬೇತಿಗೆ ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಥೆರಪಿಗಳ ಬಗ್ಗೆ. ಅದಕ್ಕಿಂತ ಮೊದಲು ರೂಢಿಯಾಗಬೇಕಾದದ್ದು ವಾರ್ಡಿನಿಂದ ಬರುವ ರೆಫರಲ್ ಓದುವುದು. ‘ಮಗು ಸಹಕರಿಸುತ್ತಿಲ್ಲ, ದಯವಿಟ್ಟು ನೋಡಿ’ ಅಂತ ಒಂದೇ ಸಾಲು ಇರುತ್ತದೆ. ಅದರ ಹಿಂದೆ ಮಗುವಿನ ಭಯ ಇರಬಹುದು, ಎಷ್ಟೋ ರಾತ್ರಿ ಕುರ್ಚಿಯಲ್ಲೇ ಕಳೆದ ತಾಯಿಯ ಸುಸ್ತು ಇರಬಹುದು, ಚುಚ್ಚಿದಷ್ಟೂ ನರ ಸಿಗದೆ ನೊಂದ ನರ್ಸ್ ಕೂಡ ಇರಬಹುದು. ನನ್ನ ಸೂಪರ್‌ವೈಸರ್ ಪ್ರತಿ ಕೇಸಿಗೂ ಮೊದಲು ಕೇಳುತ್ತಿದ್ದದ್ದು ಒಂದೇ: “ಇದು ಯಾರ ಪ್ರಶ್ನೆ? ಅವರಿಗೆ ನಮ್ಮಿಂದ ಏನಾಗಬೇಕು?” ಉತ್ತರ ಗೊತ್ತಿಲ್ಲದಿದ್ದರೆ ಮಗುವಿನ ಹಾಸಿಗೆ ಹತ್ತಿರ ಹೋಗುವ ಮುಂಚೆ ರೆಫರಲ್ ಬರೆದವರನ್ನೇ ಹುಡುಕಿಕೊಂಡು ಹೋಗಿ ಮಾತಾಡಬೇಕಿತ್ತು.

ಎರಡನೆಯ ಅಭ್ಯಾಸ, ಔಷಧಿ ಚಾರ್ಟ್ ನೋಡುವುದು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಗು ಇದ್ದಕ್ಕಿದ್ದಂತೆ ಸಿಡಿಮಿಡಿಗುಟ್ಟುತ್ತಿದೆ, ಅಳುತ್ತಿದೆ, ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂದರೆ ಖಿನ್ನತೆ ಎಂದು ಬರೆಯುವುದು ಸುಲಭ. ಅದೇ ವಾರ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಶುರುವಾಗಿದೆಯೇ ನೋಡಿ. ಸ್ಟಿರಾಯ್ಡ್‌ಗಳು ಮಕ್ಕಳ ಮನಸ್ಥಿತಿಯನ್ನು, ಹಸಿವನ್ನು, ನಿದ್ದೆಯನ್ನು ಅಲ್ಲೋಲಕಲ್ಲೋಲ ಮಾಡುತ್ತವೆ. ಐಸಿಯುನಲ್ಲಿ ಯಾರ ಮುಖವನ್ನೂ ನೋಡದೆ ಸುಮ್ಮನೆ ಮಲಗಿರುವ ಮಗು ‘ಬೇಜಾರಿನಲ್ಲಿದೆ’ ಎಂದು ಕರೆ ಬಂದರೆ ಡೆಲಿರಿಯಂ (ಕಾಯಿಲೆಯಿಂದಲೋ ಔಷಧಿಯಿಂದಲೋ ಇದ್ದಕ್ಕಿದ್ದಂತೆ ಪ್ರಜ್ಞೆ ಮಸುಕಾಗುವುದು) ಇರಬಹುದೇ ಎಂದು ವೈದ್ಯರೊಡನೆ ಕೂತು ಯೋಚಿಸಬೇಕು. ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಇದು ನಮ್ಮ ಕೆಲಸವೇ ಅಲ್ಲ ಅನ್ನಿಸುತ್ತಿತ್ತು. ಇಲ್ಲಿ ಅದೇ ಮೊದಲ ಕೆಲಸ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೋಗನ್ ರೈಟ್ ‘ಪೀಡಿಯಾಟ್ರಿಕ್ ಸೈಕಾಲಜಿಸ್ಟ್’ ಎಂಬ ಹುದ್ದೆಯ ರೂಪರೇಖೆ ಬರೆದಾಗ ಕಣ್ಣ ಮುಂದಿಟ್ಟುಕೊಂಡಿದ್ದು ಮಾನಸಿಕ ರೋಗಗಳ ವಿಭಾಗವನ್ನಲ್ಲ, ಮಕ್ಕಳ ಕಾಯಿಲೆಗಳಿಗೆ ಚಿಕಿತ್ಸೆ ನಡೆಯುವ ಜಾಗವನ್ನೇ.

ನನಗೆ ಅತ್ಯಂತ ಪ್ರಿಯವಾದ ಕೆಲಸ ಮಾತ್ರೆ ನುಂಗುವುದನ್ನು ಕಲಿಸುವುದು. ಹೊರಗಿನವರಿಗೆ ಇದು ಸಣ್ಣ ವಿಷಯ. ಆದರೆ ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾದ ಮೇಂಟೆನೆನ್ಸ್ ಹಂತದಲ್ಲಿ (ಕಾಯಿಲೆ ಮರಳದಂತೆ ತಡೆಯುವ ಕೊನೆಯ ದೀರ್ಘ ಹಂತ) ಮಗು ಮರ್ಕ್ಯಾಪ್ಟೋಪ್ಯೂರಿನ್ ಎಂಬ ಮಾತ್ರೆಯನ್ನು ದಿನಾ ಮನೆಯಲ್ಲೇ ತೆಗೆದುಕೊಳ್ಳಬೇಕು, ತಿಂಗಳುಗಟ್ಟಲೆ. ಡೋಸ್‌ಗಳು ತಪ್ಪಿ, ಬರೆದುಕೊಟ್ಟದ್ದರಲ್ಲಿ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ಒಂದು ಮಾತ್ರೆ ಜೀವದ ಪ್ರಶ್ನೆ.

ಕಲಿಸುವಾಗ ನಿಜವಾದ ಔಷಧಿಯನ್ನು ಮುಟ್ಟುವುದಿಲ್ಲ. ಮೊದಲು ಕೇಕ್ ಮೇಲೆ ಉದುರಿಸುವ ಸಾಸಿವೆಕಾಳಿನಷ್ಟು ಸಕ್ಕರೆ ಚೂರು. ಮಗುವನ್ನು ನೆಟ್ಟಗೆ ಕೂರಿಸಿ, ಚೂರನ್ನು ನಾಲಿಗೆಯ ಮೇಲೆ ಇಡಿಸಿ, ಒಂದು ಗುಟುಕು ನೀರು, ನುಂಗು. ನಾನೂ ಜೊತೆಯಲ್ಲೇ ನುಂಗಿ ತೋರಿಸುತ್ತೇನೆ. ಸಲೀಸಾಗಿ ಹೋದರೆ ಸ್ವಲ್ಪ ದೊಡ್ಡದು, ಆಮೇಲೆ ಇನ್ನೂ ಸ್ವಲ್ಪ ದೊಡ್ಡದು. ಎಲ್ಲಿ ತಡೆಯಿತೋ ಅಲ್ಲಿಂದ ಒಂದು ಅಳತೆ ಹಿಂದೆ ಬಂದು, ಅದು ಹೋದ ಮೇಲೆ ನಿಲ್ಲಿಸುವುದು, ಪ್ರತಿ ಸಲವೂ ಗೆದ್ದ ಕಡೆಯೇ ಮುಗಿಯಬೇಕು. ಹಿಂದೊಮ್ಮೆ ಉಬ್ಬಳಿಕೆ ಬಂದು ವಾಂತಿಯಾಗಿದ್ದ ಒಬ್ಬ ಹುಡುಗ ನನ್ನನ್ನು ಕಂಡಕೂಡಲೇ ಬಾಯಿ ಬಿಗಿದುಕೊಂಡ. “ನೀವೂ ಬಾಯೊಳಗೆ ಬಲವಂತವಾಗಿ ಹಾಕ್ತೀರಾ?” ಅಂದ. “ಇಲ್ಲ ಪುಟ್ಟಾ, ಹಾಕೋದು ನೀನೇ. ಬೇಡ ಅಂದ್ರೆ ಉಗುಳಿಬಿಡು” ಅಂದೆ. ಬಟ್ಟಲನ್ನು ಅವನ ಕೈಗೇ ಕೊಟ್ಟೆ. ಬಹಳ ಹೊತ್ತು ಆ ಚೂರುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತ. ಅವನಮ್ಮ ಗಡಿಬಿಡಿಯಿಂದ “ಬೇಗ ನುಂಗೋ” ಅನ್ನಹೊರಟವರು, ನಾನು ಕೈಸನ್ನೆ ಮಾಡಿದ ಮೇಲೆ ಸುಮ್ಮನಾದರು. ಕೊನೆಗೆ ಕೆಂಪು ಚೂರೊಂದನ್ನು ತಾನೇ ಆರಿಸಿ ನುಂಗಿ, ನಾಲಿಗೆ ಹೊರಚಾಚಿ ತೋರಿಸಿದ.

ಸೂಜಿಯ ವಿಷಯದಲ್ಲಿ ದೊಡ್ಡವರಿಗೇ ಹೆಚ್ಚು ಕಲಿಸಬೇಕಾಗುತ್ತದೆ. ‘ಏನೂ ಆಗಲ್ಲ ಕಂದಾ, ಏನೂ ಆಗಲ್ಲ’ ಎಂಬ ಸಮಾಧಾನ ಹೆಚ್ಚಾದಷ್ಟೂ ಮಕ್ಕಳ ಸಂಕಟವೂ ಹೆಚ್ಚಿರುತ್ತದೆ ಎಂದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಥೆ, ಗುಳ್ಳೆ ಊದುವುದು, ಫೋನಿನಲ್ಲಿ ಆಟ, ಇವೇ ಮೇಲು. ನಾಲ್ಕು ಜನ ಹಿಡಿದು ಮಲಗಿಸುವ ಬದಲು ತಾಯಿ ಅಥವಾ ತಂದೆಯ ತೊಡೆಯ ಮೇಲೆ ಅಪ್ಪಿಕೊಂಡು ಕೂತರೆ ಎಷ್ಟೋ ಮಕ್ಕಳು ತಡೆದುಕೊಳ್ಳುತ್ತಾರೆ. ಚರ್ಮ ಮರಗಟ್ಟಿಸುವ ಲಿಡೊಕೇನ್–ಪ್ರಿಲೊಕೇನ್ ಕ್ರೀಮನ್ನು ಸುಮಾರು 60 ನಿಮಿಷ ಮುಂಚೆ ಹಚ್ಚಬೇಕು. ಹಾಗಾಗಿ ರಕ್ತ ತೆಗೆಯುವ ಸಮಯವನ್ನು ನರ್ಸ್‌ಗಳಿಂದ ಮೊದಲೇ ತಿಳಿದುಕೊಳ್ಳುವುದೂ ಮನಶ್ಶಾಸ್ತ್ರಜ್ಞೆಯಾಗಿ ನನ್ನ ಕೆಲಸ ಎಂದೇ ತಿಳಿದಿದ್ದೇನೆ.

ನೋಟ್ಸ್ ಬರೆಯುವುದರ ಬಗ್ಗೆ ಚಿಕ್ಕದಾಗಿ: ರೌಂಡ್ಸ್‌ನಲ್ಲಿರುವ ವೈದ್ಯರು ಓದುವುದು ಮೊದಲ ಎರಡು ಸಾಲು. ಇಂದು ಯಾರು ಏನು ಮಾಡಬೇಕು ಎಂಬುದು ಅಲ್ಲೇ ಇರಲಿ. ಕುಟುಂಬದ ಗುಟ್ಟುಗಳು ಚಿಕಿತ್ಸೆಗೆ ಬೇಕಿಲ್ಲವಾದರೆ ಫೈಲಿಗೆ ಹೋಗಬಾರದು.

ಹದಿಹರೆಯದವರ ಜೊತೆ ಒಂಟಿಯಾಗಿ ಮಾತಾಡುವ ಸಮಯವನ್ನು ಹೋರಾಡಿಯಾದರೂ ಪಡೆಯಬೇಕು. ಆತ್ಮಹತ್ಯೆಯ ಯೋಚನೆಯನ್ನು ಗುರುತಿಸಲು ಆಸ್ಪತ್ರೆಗಳಲ್ಲಿ ಬಳಸುವ ಎಎಸ್‌ಕ್ಯೂ ಎಂಬ ಪ್ರಶ್ನಾವಳಿಯಲ್ಲಿ ಮೊದಲಿಗೆ ನಾಲ್ಕೇ ಪ್ರಶ್ನೆಗಳು, ಯಾವುದಕ್ಕಾದರೂ ಹೌದು ಅಂದರೆ ಈಗ ಆ ಯೋಚನೆ ಇದೆಯೇ ಎಂಬ ಐದನೆಯದು. ಕೇಳಿದರೆ ಆ ವಿಚಾರ ತಲೆಗೆ ಬರುತ್ತದೆ ಎಂದು ಹೆದರುವವರು ಇದ್ದಾರೆ, ಅದು ನಿಜವಲ್ಲ. ಅಪ್ಪ ಅಮ್ಮ ಕೋಣೆಯಲ್ಲಿರುವಾಗ ಕೇಳಿದರೆ ಮಾತ್ರ ನಿಜವಾದ ಉತ್ತರ ಸಿಗುವುದು ಕಷ್ಟ.

ತರಬೇತಿಗೆ ಜಾಗ ಆರಿಸುವಾಗ ಆಸ್ಪತ್ರೆಯ ಹೆಸರಿಗಿಂತ ಸೂಪರ್‌ವಿಷನ್ ಹೇಗಿದೆ ಎಂದು ವಿಚಾರಿಸಿ. ಸೂಪರ್‌ವೈಸರ್ ನಿಮ್ಮ ಜೊತೆ ವಾರ್ಡಿಗೆ ಬರುತ್ತಾರೋ, ಕೋಣೆಯಲ್ಲಿ ಕೂತು ಕೇಳುತ್ತಾರೋ? ನೀವು ನೋಡಿಕೊಳ್ಳುತ್ತಿದ್ದ ಮಗು ತೀರಿಕೊಂಡ ದಿನ ಉಳಿದ ರೆಫರಲ್‌ಗಳನ್ನು ಯಾರು ನೋಡುತ್ತಾರೆ? ಸಂದರ್ಶನದಲ್ಲೇ ಇದನ್ನು ಕೇಳಿ. ಈಗಾಗಲೇ ಅಲ್ಲಿ ತರಬೇತಿಯಲ್ಲಿರುವವರನ್ನೂ ಬೇರೆಯಾಗಿ ಕೇಳಿ, ಎರಡೂ ಉತ್ತರ ಹೊಂದುತ್ತವೆಯೇ ನೋಡಿಕೊಳ್ಳಿ.