ಎಡಿಟ್ ಕೀ ಹುಡುಗರ ಕೈಗೆ ಕೊಟ್ಟೆ

ಪೀಣ್ಯದಲ್ಲಿ ಜಾಬ್‌ವರ್ಕ್ (ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ) ಮಾಡುವವರಿಗೆ ಈ ಕಥೆ ಗೊತ್ತೇ ಇದೆ. ಹುಡುಗನಿಗೆ ಎರಡು ವರ್ಷ ಕಲಿಸುತ್ತೇವೆ. ಸೆಟ್ಟಿಂಗ್, ಅಂದರೆ ಮೆಷಿನ್‌ಗೆ ಟೂಲ್ ಮತ್ತು ಅಳತೆ ಹೊಂದಿಸುವುದು, ಕೈಗೆ ಹತ್ತಿತು ಅನ್ನುವಾಗ ಪಕ್ಕದ ಕ್ರಾಸ್‌ನವರು ಎರಡು ಸಾವಿರ ಜಾಸ್ತಿ ಕೊಟ್ಟು ಕರೆದುಕೊಳ್ಳುತ್ತಾರೆ. ನನ್ನದು ಆರು ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಲೇತ್), ಮೂರು ವಿಎಂಸಿ (ಹಾಗೆಯೇ ಓಡುವ ಮಿಲ್ಲಿಂಗ್ ಮೆಷಿನ್), ಇಪ್ಪತ್ತೆಂಟು ಜನ. ಒಂದೇ ವರ್ಷ ಏಳು ಸೆಟ್ಟರ್‌ಗಳು ಬಿಟ್ಟರು. ಈಗ ಮೂರು ವರ್ಷದಲ್ಲಿ ಹೋದವನು ಒಬ್ಬನೇ, ಅದೂ ಊರಲ್ಲಿ ಅಡಿಕೆ ತೋಟ ನೋಡಿಕೊಳ್ಳೋಕೆ.

ಮೊದಲು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಸ್ಕೊಂಡು ಬೀರುವಿನಲ್ಲಿಟ್ಟೆ. ಮಾಡಬಾರದಿತ್ತು. ಇಬ್ಬರು ಡೂಪ್ಲಿಕೇಟ್ ತೆಗೆಸಿಕೊಂಡು ಹೋದರು. ಆಮೇಲೆ ಅಡ್ವಾನ್ಸ್ ಕೊಟ್ಟು ಕಟ್ಟಿಹಾಕಲು ನೋಡಿದೆ. ಮೂವರ ಜೊತೆ ಒಂದೂಕಾಲು ಲಕ್ಷವೂ ಹೋಯಿತು. ಅಟೆಂಡೆನ್ಸ್ ಬೋನಸ್ ಇನ್ನೂ ದುಬಾರಿ. ಜ್ವರ ಇಟ್ಟುಕೊಂಡು ನೈಟ್ ಶಿಫ್ಟ್‌ಗೆ ಬಂದವನು ಟೂಲಿನ ಜಾಗ ತಿದ್ದುವ ಆಫ್‌ಸೆಟ್‌ನಲ್ಲಿ 0.05 ಒತ್ತುವ ಕಡೆ 5.0 ಒತ್ತಿದ. ಟೂಲ್ ಹಿಡಿಯುವ ಟರೆಟ್ ಸೀದಾ ಪೀಸ್ ಹಿಡಿಯುವ ಚಕ್‌ಗೆ ಗುದ್ದಿತು. ಬೆಳಿಗ್ಗೆ ಹೋದರೆ ಎಲ್ಲರೂ ಮೆಷಿನ್ ಸುತ್ತ ನಿಂತಿದ್ದಾರೆ, ಅವನು ಮಾತ್ರ ತಲೆ ಎತ್ತದೆ ಚಿಪ್ಸ್ ಗುಡಿಸುತ್ತಿದ್ದಾನೆ. ರಿಪೇರಿ ಹತ್ತಿರಹತ್ತಿರ ಎರಡು ಲಕ್ಷ, ಹನ್ನೆರಡು ದಿನ ಮೆಷಿನ್ ಬಂದ್. ಬೋನಸ್ ಎಷ್ಟಿತ್ತು ಗೊತ್ತಾ? 800 ರೂಪಾಯಿ.

ನಡುವೆ ಬೆಳಗಿನ ತಿಂಡಿಯನ್ನೂ ಕೊಟ್ಟು ನೋಡಿದೆ. ಇಡ್ಲಿ ಚೆನ್ನಾಗಿ ಖರ್ಚಾಯಿತು, ಅಷ್ಟೇ.

ಅಲ್ಲಿಯವರೆಗೂ ಪ್ರೋಗ್ರಾಂ ಎಡಿಟ್ ಮಾಡುವ ಕೀ ನನ್ನ ಜೇಬಲ್ಲಿರುತ್ತಿತ್ತು. ಅದನ್ನು ಸೆಟ್ಟರ್‌ಗಳಿಗೆ ಕೊಟ್ಟೆ. ‘ಪ್ರೋಗ್ರಾಂ ಕಲಿಸಿದರೆ ನಾಳೆಯೇ ಹಾರಿಹೋಗ್ತಾರೆ ಸ್ವಾಮಿ’ ಎಂದು ಗೆಳೆಯರು ನಕ್ಕರು. ಒಂದು ಫ್ಲ್ಯಾಂಜ್‌ಗೆ (ಬಿಲ್ಲೆಯಂಥ ಬಿಡಿಭಾಗ) 4 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು. ಪಾವಗಡದ ಕಡೆಯ ಹುಡುಗನೊಬ್ಬ ಟೂಲ್‌ಗಳ ಸರದಿ ಬದಲಿಸಿ, ಟೂಲ್ ಏನೂ ಕೊರೆಯದೆ ಸುಮ್ನೆ ಗಾಳಿಯಲ್ಲಿ ಓಡುತ್ತಿದ್ದ ಪಾಸ್‌ಗಳನ್ನು ಕಿತ್ತುಹಾಕಿ 3 ನಿಮಿಷ 20 ಸೆಕೆಂಡ್‌ಗೆ ಇಳಿಸಿದ. ತಿಂಗಳಿಗೆ ಆರು ಸಾವಿರ ಪೀಸ್. ಎಂಬತ್ತು ಗಂಟೆ ಮೇಲೆ ಉಳಿಯಿತು. ಗಂಟೆಗೆ ನಾನೂರು ಹಿಡಿದರೂ ಮೂವತ್ತು ಸಾವಿರ ದಾಟುತ್ತದೆ. ಅದರಲ್ಲಿ ಅವನಿಗೆ ಪಾಲು. ಎಷ್ಟು ಅಂತ ಇಲ್ಲಿ ಬರೆಯಲ್ಲ, ಪಕ್ಕದ ಕ್ರಾಸ್‌ನವರೂ ಓದುತ್ತಾರೆ. ನಮ್ಮಂಥ ಸಣ್ಣ ಘಟಕಕ್ಕೆ ಗಿರಾಕಿ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುತ್ತದೆ ಕಾನೂನು, ನನಗೆ ಬರೋದು 90ಕ್ಕೆ. ಪಾಲು ಮಾತ್ರ 7ನೇ ತಾರೀಖು ತಪ್ಪಲ್ಲ. ಒಂದು ಸಲ ಅದಕ್ಕೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿತ್ತು.

ಪೀಸ್ ಸರಿಯಿಲ್ಲ ಅಂತ ಗಿರಾಕಿಯಿಂದ ರಿಜೆಕ್ಷನ್ ಬಂದಾಗ ಮೊದಲು ನಾನೊಬ್ಬನೇ ಅವರಲ್ಲಿಗೆ ಹೋಗಿ ಬೈಸಿಕೊಂಡು ಬರುತ್ತಿದ್ದೆ. ಈಗ ಸೆಟ್ಟರ್‌ನನ್ನೂ ಕರೆದೊಯ್ಯುತ್ತೇನೆ. ನಾವು ಕೊರೆದ ತೂತಿನಲ್ಲಿ (ಬೋರ್) ಬೇರಿಂಗ್ ಕೂರದೆ ಅವರ ಅಸೆಂಬ್ಲಿ ಲೈನ್ ನಿಂತದ್ದನ್ನು ಕಣ್ಣಾರೆ ಕಂಡವನಿಗೆ ಇಪ್ಪತ್ತು ಮೈಕ್ರಾನ್ (0.02 ಮಿ.ಮೀ.) ಬಗ್ಗೆ ಭಾಷಣ ಬೇಕಿಲ್ಲ. ನೂರಕ್ಕೆ ನಾಲ್ಕಿದ್ದ ರಿಜೆಕ್ಷನ್ ಒಂದಕ್ಕಿಂತ ಕೆಳಗಿದೆ.

ಹೊಸಬರನ್ನು ಶಿರಾ, ಪಾವಗಡ ಕಡೆಯ ಐಟಿಐಗಳಿಂದಲೇ ಅಪ್ರೆಂಟಿಸ್ ಆಗಿ ತರುತ್ತೇನೆ. ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ 1,500ರವರೆಗೆ, ಸರ್ಕಾರದ್ದು. ಆರಿಸುವಾಗ ಮಾರ್ಕ್ಸ್ ನೋಡಲ್ಲ, ಕೈಗೊಂದು ಕೆಲಸ ಕೊಡುತ್ತೇನೆ. ಏನದು ಅಂತ ಹೇಳಿದರೆ ನೀವೂ ಅದೇ ಹುಡುಗರನ್ನು ಹಿಡಿಯುತ್ತೀರಿ.

ಹೋದ ತಿಂಗಳು ಫ್ಲ್ಯಾಂಜ್ ಹುಡುಗನಿಗೆ ನಾಲ್ಕು ಸಾವಿರ ಜಾಸ್ತಿಗೆ ಕರೆ ಬಂದಿತ್ತು. ಅವನೇ ಬಂದು ಹೇಳಿದ. ಸಂಬಳದ ಮಾತು ಎತ್ತಲಿಲ್ಲ. ‘ಸಾರ್, ವಿಎಂಸಿಗೆ ನಾಲ್ಕನೇ ಆಕ್ಸಿಸ್ ಯಾವಾಗ ಹಾಕಿಸ್ತೀರಾ?’ ಅಂದ. ಪೀಸನ್ನು ಮೆಷಿನ್‌ನಲ್ಲೇ ತಿರುಗಿಸಿ ಬೇರೆ ಮಗ್ಗುಲನ್ನೂ ಕೊರೆಯುವ ಜೋಡಣೆ ಅದು. ಕೊಟೇಷನ್ ತರಿಸಿದ್ದೇನೆ. ಮೂರೂವರೆ ಲಕ್ಷದ ಹತ್ತಿರ ಇದೆ.