ಎಂಜಿನ್ ಬದಲಾಯಿಸಿದ ಮೇಲೆ ಫ್ಯೂಯಲ್ ಪಂಪ್ ಆರಿಸಿದ್ದು ಹೀಗೆ

ಹಳೆ ಕಾರಿಗೆ ಬೇರೆ ಎಂಜಿನ್ ಕೂರಿಸುವಾಗ ತಲೆಯೆಲ್ಲ ಮೌಂಟ್, ಗೇರ್‌ಬಾಕ್ಸ್, ವೈರಿಂಗ್ ಕಡೆಗೇ ಇರುತ್ತದೆ. ಫ್ಯೂಯಲ್ ಪಂಪಿನ ಸರದಿ ಬರುವುದು ಕೊನೆಗೆ. ಅಷ್ಟೊತ್ತಿಗೆ ಜೇಬೂ ಖಾಲಿ, ತಾಳ್ಮೆಯೂ ಖಾಲಿ. ಸಿಕ್ಕಿದ್ದರಲ್ಲಿ ದೊಡ್ಡದೊಂದು ಹಾಕಿದರಾಯಿತು ಅನ್ನುವವರೇ ಜಾಸ್ತಿ. ನಾನು ಮೊದಲು ಲೆಕ್ಕ ಹಾಕಲು ಕೂತೆ.

ನನ್ನ ಕಾರಿನಲ್ಲಿ ಇದ್ದದ್ದು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಇರುವ ಎಂಜಿನ್. ಕ್ಯಾಮ್‌ಶಾಫ್ಟಿನಿಂದ ಓಡುವ ಮೆಕ್ಯಾನಿಕಲ್ ಪಂಪ್, ಪ್ರೆಶರ್ 3ರಿಂದ 6 ಪಿಎಸ್‌ಐ. ಹೊಸದಾಗಿ ಕೂರಿಸಿದ್ದು ಪ್ರೆಶರಿನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್, ಸುಮಾರು 130 ಎಚ್‌ಪಿ. ಅದಕ್ಕೆ ಬೇಕಾದದ್ದು 3 ಬಾರ್, ಅಂದರೆ 43 ಪಿಎಸ್‌ಐ ಆಸುಪಾಸು. ಹಳೆ ಪಂಪ್ ಅದರ ಹತ್ತಿರಕ್ಕೂ ಬರಲ್ಲ. ಜೊತೆಗೆ ಹೊಸ ಎಂಜಿನ್ನಿನಲ್ಲಿ ಅದನ್ನು ಕೂರಿಸುವ ಜಾಗವೇ ಇರಲಿಲ್ಲ.

ಈಗ ಎಷ್ಟು ಪೆಟ್ರೋಲ್ ಬೇಕು? ಟರ್ಬೊ ಇಲ್ಲದ ಎಂಜಿನ್ ಪೂರ್ತಿ ಆಕ್ಸಿಲರೇಟರಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಅಂತ ಇಟ್ಟುಕೊಳ್ಳಬಹುದು. 130 ಎಚ್‌ಪಿಗೆ 29 ಕಿಲೋ ಚಿಲ್ಲರೆ, ಅಂದರೆ ಗಂಟೆಗೆ ಸುಮಾರು 40 ಲೀಟರ್. ಕಾಲು ಭಾಗ ಹೆಚ್ಚಿಗೆ ಸೇರಿಸಿದರೆ 50. ಅಷ್ಟೇ! ಎಲ್ಲರೂ ಹಾಕು ಹಾಕು ಅನ್ನುವ, ಗಂಟೆಗೆ 255 ಲೀಟರಿನ ಪಂಪ್ ಇದಕ್ಕೆ ಐದು ಪಟ್ಟು.

ದೊಡ್ಡದು ಹಾಕಿದರೆ ನಷ್ಟ ಏನು ಅಂತ ಕೇಳಬಹುದು. ಎಂಜಿನ್ ಕುಡಿಯದೆ ಬಿಟ್ಟದ್ದೆಲ್ಲ, ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ದಾಟಿ ಟ್ಯಾಂಕಿಗೆ ವಾಪಸ್ ಹೋಗಬೇಕು. ಹಳೆ ಕಾರಿನ ರಿಟರ್ನ್ ಪೈಪ್ ಸಣ್ಣದು. ಅದು ಸಾಲದೆ ಹೋದರೆ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಪ್ರೆಶರ್ ಏರಿ ಕೂರುತ್ತದೆ. ಪೆಟ್ರೋಲ್ ಸುಮ್ನೆ ಸುತ್ತು ಹೊಡೆದು ಬಿಸಿಯಾಗುತ್ತದೆ. ಕರೆಂಟೂ ಜಾಸ್ತಿ ಎಳೆಯುತ್ತದೆ.

ಇನ್ನೊಂದು ವಿಷಯ. ಡಬ್ಬಿ ಮೇಲೆ ಬರೆದಿರುವ ಲೀಟರ್ ಎಷ್ಟೋ ಸಲ ಪ್ರೆಶರ್ ಇಲ್ಲದೆ ಅಳೆದದ್ದು. ಪ್ರೆಶರ್ ಏರಿದಷ್ಟೂ ಹರಿವು ಇಳಿಯುತ್ತದೆ. ಹಾಗಾಗಿ 3 ಬಾರ್‌ನಲ್ಲಿ, 12 ವೋಲ್ಟಿನಲ್ಲಿ ಎಷ್ಟು ಕೊಡುತ್ತದೆ ಅನ್ನುವ ಗ್ರಾಫ್ ಇಲ್ಲದ ಪಂಪನ್ನು ನಾನು ಮುಟ್ಟಲೇ ಇಲ್ಲ. ಕೊನೆಗೆ ಆರಿಸಿದ್ದು ಆ ಲೆಕ್ಕದಲ್ಲಿ ಗಂಟೆಗೆ 90 ಲೀಟರ್ ಕೊಡುವ, ಟ್ಯಾಂಕಿನ ಹೊರಗೆ ಕೂರುವ ಪಂಪ್.

ಟ್ಯಾಂಕ್ ಒಳಗೇ ಕೂರಿಸಿದರೆ ಸದ್ದು ಕಡಿಮೆ, ಪೆಟ್ರೋಲೇ ಪಂಪನ್ನು ತಂಪಾಗಿಡುತ್ತದೆ, ನಿಜ. ಆದರೆ ಅದಕ್ಕೆ ಹಳೆ ಟ್ಯಾಂಕ್ ಕೊಯ್ದು ವೆಲ್ಡ್ ಮಾಡಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಪೆಟ್ರೋಲಿಗಿಂತ ಅಪಾಯ. ಒಳಗೆ ತಡೆ ತಗಡುಗಳೂ ಇರಲಿಲ್ಲ, ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಓಡುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಕಾರ್ಬೊರೇಟರಿಗೆ ಸ್ವಲ್ಪ ಪೆಟ್ರೋಲ್ ತುಂಬಿಟ್ಟುಕೊಳ್ಳುವ ಫ್ಲೋಟ್ ಚೇಂಬರ್ ಇರುತ್ತದೆ, ಅರೆಗಳಿಗೆ ಗಾಳಿ ಬಂದರೂ ಸುಧಾರಿಸಿಕೊಳ್ಳುತ್ತದೆ. ಇಂಜೆಕ್ಷನ್ನಿಗೆ ಆ ಸೌಕರ್ಯ ಇಲ್ಲ, ತಕ್ಷಣ ಮಿಸ್ ಹೊಡೆಯುತ್ತದೆ.

ಅದಕ್ಕೆ ಟ್ಯಾಂಕ್ ಪಕ್ಕ, ಕಾರಿನ ಅಡಿಯಲ್ಲಿ, ಒಂದು ಲೀಟರಿನ ಸ್ವರ್ಲ್ ಪಾಟ್ (ಸದಾ ಪೆಟ್ರೋಲ್ ತುಂಬಿರುವ ಚಿಕ್ಕ ಡಬ್ಬಿ) ಹಾಕಿದೆ. ಕಾರ್ಬೊರೇಟರ್ ಕಾರುಗಳಿಗೆ ಬರುವ ಚಿಕ್ಕ ಎಲೆಕ್ಟ್ರಿಕ್ ಪಂಪ್ ಅದನ್ನು ತುಂಬಿಸುತ್ತದೆ. ಪಾಟಿನ ತಳದಿಂದ ಆ 90 ಲೀಟರಿನ ದೊಡ್ಡ ಪಂಪ್ ಎಳೆದುಕೊಳ್ಳುತ್ತದೆ. ಎಂಜಿನ್ನಿನ ರಿಟರ್ನ್ ಪಾಟಿಗೇ ವಾಪಸ್, ಪಾಟ್ ತುಂಬಿ ಉಳಿದದ್ದು ಟ್ಯಾಂಕಿಗೆ. ಇಲ್ಲಿ ಮಜಾ ಏನಂದರೆ, ಚಿಕ್ಕ ಪಂಪ್ ದೊಡ್ಡದಕ್ಕೆ ಸಮ ಇರಬೇಕಿಲ್ಲ. ಎಂಜಿನ್ ಕುಡಿಯುವ 40 ಲೀಟರಿಗಿಂತ ಧಾರಾಳವಾಗಿ ಮೇಲಿದ್ದರೆ ಸಾಕು. ದೊಡ್ಡ ಪಂಪಿನಂಥ ಇಂಜೆಕ್ಷನ್ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹಾಗಾಗಿ ದೊಡ್ಡ ಪಂಪನ್ನು ಪಾಟಿನ ತಳಕ್ಕಿಂತ ಕೆಳಗೆ ಕೂರಿಸಿದೆ. ಪೆಟ್ರೋಲ್ ಪಂಪಿಗೆ ಬರುವ ಕಡೆ ಒರಟು ಫಿಲ್ಟರ್, ಹೊರಹೋಗುವ ಕಡೆ ಸಣ್ಣ ಕಣ ಹಿಡಿಯುವ ಫಿಲ್ಟರ್. ಹೋಸ್ ಎಲ್ಲಾ ಇಂಜೆಕ್ಷನ್ ಪ್ರೆಶರ್ ತಡೆಯುವಂಥದ್ದು, ಕಾರ್ಬೊರೇಟರ್ ಕಾಲದ ರಬ್ಬರ್ ಪೈಪ್ ಒಂದನ್ನೂ ಉಳಿಸಲಿಲ್ಲ.

ಆಮೇಲೆ ಕರೆಂಟ್. ಹಳೆ ತೆಳು ವೈರಿನಲ್ಲೇ ಒಮ್ಮೆ ಓಡಿಸಿ ಮಲ್ಟಿಮೀಟರ್ ಇಟ್ಟು ನೋಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಟರ್ಮಿನಲ್ಲಿನಲ್ಲಿ 11.3. ಪಂಪಿನ ಹರಿವು ವೋಲ್ಟೇಜಿನ ಜೊತೆಗೇ ಇಳಿಯುತ್ತದೆ. ಇದನ್ನು ಅಳೆಯದೆ ಪಂಪ್ ಸಾಲದು ಅಂತ ಇನ್ನೂ ದೊಡ್ಡದು ತರುವವರಿದ್ದಾರೆ. ಬ್ಯಾಟರಿಯಿಂದ ಫ್ಯೂಸ್, ರಿಲೇ ಹಾಕಿ ದಪ್ಪ ವೈರ್ ಎಳೆದೆ, ಅರ್ಥ್‌ಗೂ ಬಣ್ಣ ಕೆರೆದು ಹೊಸ ಬೋಲ್ಟ್ ಹಾಕಿದೆ. 13.4 ಬಂತು. ರಿಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಿಡಿತದಲ್ಲಿದೆ, ಎಂಜಿನ್ ನಿಂತರೆ ಎರಡೂ ಪಂಪ್ ನಿಲ್ಲುತ್ತವೆ. ಡಿಕ್ಕಿಯಾದರೆ ಕರೆಂಟ್ ಕತ್ತರಿಸುವ ಇನರ್ಷಿಯಾ ಸ್ವಿಚ್ ಕೂಡ ಇದೆ. ಇದರಲ್ಲಿ ಮಾತ್ರ ಕಂಜೂಸ್‌ತನ ಬೇಡ.

ಪರೀಕ್ಷೆ ಸುಲಭ. ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇರುವುದರಿಂದ ಐಡಲ್‌ನಲ್ಲಿ 2.5 ಬಾರ್ ತೋರಿಸಿತು, ಪೈಪ್ ಕಿತ್ತರೆ 3. ನಂತರ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇಟ್ಟುಕೊಂಡು, ಉದ್ದನೆಯ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. ಪಕ್ಕದಲ್ಲಿ ಕೂತ ಗೆಳೆಯನ ಕಣ್ಣು ಗೇಜ್ ಮೇಲೆ. ಆರ್‌ಪಿಎಂ ಏರಿದ ಹಾಗೆ ಮುಳ್ಳು ಕೆಳಗೆ ಜಾರಿದರೆ ಪಂಪ್ ಸಾಲದು ಅಂತ ಅರ್ಥ. ಅದು 3ರಲ್ಲೇ ನಿಂತಿತ್ತು. ಉಳಿದದ್ದು ಹಿಂದಿನ ಸೀಟಿನ ಕೆಳಗಿನ ಗುಂಯ್ ಸದ್ದು ಮಾತ್ರ. ಬ್ರಾಕೆಟ್ಟಿಗೆ ಮೆತ್ತನೆ ರಬ್ಬರ್ ಬುಷ್ ಹಾಕಿದ ಮೇಲೆ ಅದೂ ಅರ್ಧಕ್ಕರ್ಧ ಇಳಿಯಿತು.