ಇಕ್ಕಟ್ಟಾದ ಪೋರ್ಟಿಕೋದಲ್ಲಿ ಬುಲೆಟ್ ತಿರುಗಿಸುವುದು ಹೇಗೆ

30×40 ಸೈಟಿನ ಮನೆ, ಪೋರ್ಟಿಕೋದಲ್ಲಿ ಆಗಲೇ ಒಂದು ಕಾರು, ಗೇಟಿನ ಹೊರಗೆ ರಸ್ತೆಗೆ ಇಳಿಯುವ ಕಡಿದಾದ ರ್‍ಯಾಂಪ್. ಇಂಥ ಕಡೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಿರುಗಿಸಲು ತೋಳ್ಬಲಕ್ಕಿಂತ ಲೆಕ್ಕಾಚಾರ ಮುಖ್ಯ. ಗಾಡಿ 195 ಕೆ.ಜಿ. ಇದ್ದರೂ ನೆಟ್ಟಗಿರುವಾಗ ಆ ಭಾರವನ್ನೆಲ್ಲ ಚಕ್ರಗಳೇ ಹೊರುತ್ತವೆ. ನಿಮ್ಮ ಕಡೆಗೆ ಮೂರು ಡಿಗ್ರಿ ವಾಲಿದರೆ ಕೈಗೆ ಬೀಳುವುದು ಸುಮಾರು ಆರೇಳು ಕೆ.ಜಿ. ಅದೇ ಇಪ್ಪತ್ತು ಡಿಗ್ರಿ ವಾಲಿದರೆ ನಲವತ್ತರ ಹತ್ತಿರ. ಮುಂದೆ ಹೇಳುವುದೆಲ್ಲ ಗಾಡಿಯನ್ನು ಆ ಮೂರು ಡಿಗ್ರಿಯೊಳಗೆ ಇಟ್ಟುಕೊಳ್ಳುವ ಬಗ್ಗೆ.

ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ. ಗಾಡಿಯ ಉದ್ದ 2,145 ಮಿ.ಮೀ., ಏಳು ಅಡಿಗೆ ತುಸು ಹೆಚ್ಚು. ಮನೆಯ ಪಕ್ಕದ ನಾಲ್ಕಡಿ ಓಣಿಯೊಳಗೆ ಅದನ್ನು ಯಾವ ಉಪಾಯದಿಂದಲೂ ತಿರುಗಿಸಲಾಗದು. ಅಲ್ಲಿ ನಿಲ್ಲಿಸುವುದಿದ್ದರೆ ಪೋರ್ಟಿಕೋದಲ್ಲೇ ತಿರುಗಿಸಿ, ಹಿಂಬದಿ ಮೊದಲು ಮಾಡಿ ಒಳಗೆ ತಳ್ಳಬೇಕು. ಹಿಂದೆ ಮುಂದೆ ಮಾಡಿ ತಿರುಗಿಸಲು ಒಂಬತ್ತು ಹತ್ತು ಅಡಿ ಚೌಕದ ಜಾಗ ಸಾಕು.

ಟೈರಿನ ಗಾಳಿಯನ್ನೂ ನೋಡಿ. ಗಾಳಿ ಇಳಿದಿದ್ದರೆ ತಳ್ಳುವುದು ತುಂಬ ಕಷ್ಟ. ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಸಲೀಸಾಗಿ ಸುತ್ತಬೇಕು. ತಕ್ಷಣ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಚೈನ್ ತೀರಾ ಬಿಗಿಯಾಗಿದೆ ಎಂದರ್ಥ. ಅದನ್ನು ಸರಿಪಡಿಸದೆ ತಳ್ಳುತ್ತಿದ್ದರೆ ಸೊಂಟ ನೋವೇ ಗತಿ.

ನಿಲ್ಲುವ ರೀತಿ

ಯಾವಾಗಲೂ ಎಡಗಡೆಯೇ ನಿಲ್ಲಿ. ಸೈಡ್ ಸ್ಟ್ಯಾಂಡ್ ಇರುವುದು ಅಲ್ಲೇ, ಬಿಸಿ ಸೈಲೆನ್ಸರ್ ಇರುವುದು ಬಲಗಡೆ. ಬಲ ಸೊಂಟವನ್ನು ಸೀಟಿಗೆ ಒತ್ತಿ, ಗಾಡಿಯನ್ನು ಸ್ವಲ್ಪವೇ ನಿಮ್ಮ ಕಡೆಗೆ ವಾಲಿಸಿಕೊಳ್ಳಿ. ಪೂರ್ತಿ ನೆಟ್ಟಗೆ ಹಿಡಿಯುವವರೇ ಹೆಚ್ಚು ಬೀಳಿಸುತ್ತಾರೆ. ಗಾಡಿ ಆಚೆ ಬದಿಗೆ ವಾಲತೊಡಗಿದರೆ ಎಳೆದು ಹಿಡಿಯಲು ಕೈಗೆ ಆಸರೆಯೇ ಇರುವುದಿಲ್ಲ. ಸೈಡ್ ಸ್ಟ್ಯಾಂಡ್ ಕೆಳಗೇ ಇರಲಿ, ಕೈ ಸೋತಾಗ ಒರಗಿಸಬಹುದು. ಆದರೆ ಗಾಡಿ ಮುಂದಕ್ಕೆ ಉರುಳಿದರೆ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಹಾಗಾಗಿ ಒರಗಿಸುವ ಮುನ್ನ ಕಾಲಿನಿಂದ ಅದನ್ನು ಪೂರ್ತಿ ಮುಂದಕ್ಕೆ ತಳ್ಳಿಕೊಳ್ಳಿ.

ಸಮತಟ್ಟಾದ ನೆಲದಲ್ಲಿ ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಯ ಮೇಲೆ. ಮುಂದಿನ ಬ್ರೇಕ್ ಬೇಕಾಗುವ ಕಡೆ ಎರಡೂ ಕೈ ಹ್ಯಾಂಡಲ್ ಮೇಲೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಜೋರಾಗಿ ಹಿಡಿಯಲೇಬೇಡಿ. ಹಿಡಿದರೆ ಗಾಡಿ ಆ ತಿರುವಿನ ಕಡೆಗೇ ಒಮ್ಮೆಲೇ ಮುಗ್ಗರಿಸುತ್ತದೆ. ನಿಂತಲ್ಲೇ ಬುಲೆಟ್ ಬೀಳುವುದು ಹೀಗೂ ಉಂಟು. ಹ್ಯಾಂಡಲ್ ನೇರ ಮಾಡಿ, ಆಮೇಲೆ ಬೆರಳಲ್ಲಿ ಮೆಲ್ಲಗೆ ಒತ್ತಿ.

ಹಿಂದೆ ಮುಂದೆ ಮಾಡಿ ತಿರುಗಿಸುವುದು

ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಎರಡು ಅಡಿ ಮುಂದೆ ತಳ್ಳಿ, ನಿಲ್ಲಿಸಿ. ಈಗ ಹ್ಯಾಂಡಲ್ ಪೂರ್ತಿ ಬಲಕ್ಕೆ, ಎರಡು ಅಡಿ ಹಿಂದೆ. ಎರಡೂ ಸಲ ಗಾಡಿಯ ಮೂತಿ ಎಡಕ್ಕೇ ತಿರುಗುತ್ತದೆ. ಚಕ್ರಗಳ ನಡುವಿನ ಅಂತರ 1,390 ಮಿ.ಮೀ.; ಹ್ಯಾಂಡಲ್ ನಲವತ್ತು ಡಿಗ್ರಿ ತಿರುಗುತ್ತದೆ ಎಂದುಕೊಂಡರೆ ಎರಡು ಅಡಿಗೆ ಸುಮಾರು ಇಪ್ಪತ್ತು ಡಿಗ್ರಿ ಸಿಗುತ್ತದೆ. ಪೂರ್ತಿ ಹಿಮ್ಮುಖ ಮಾಡಲು ಒಂಬತ್ತು ಸಲದ ಸರಿದಾಟ. ಒಂದೊಂದು ಸಲಕ್ಕೂ ಹ್ಯಾಂಡಲ್ ಕೊನೆಯವರೆಗೆ ತಿರುಗಿರಲೇಬೇಕು. ಅರ್ಧಂಬರ್ಧ ತಿರುಗಿಸಿದರೆ ಸರಿದಾಟಗಳು ಎರಡು ಪಟ್ಟಾಗುತ್ತವೆ.

ಹುಷಾರಾಗಿರಬೇಕಾದದ್ದು ಬಲಕ್ಕೆ ತಿರುಗಿಸಿದಾಗ. ಎಡ ಹಿಡಿ ದೂರ ಸರಿದು ತೋಳು ಚಾಚಿಕೊಳ್ಳುತ್ತದೆ, ಸೊಂಟ ಸೀಟಿನಿಂದ ಬಿಡುತ್ತದೆ. ಆಗ ಮೂತಿಯ ಕಡೆಗೆ ಅರ್ಧ ಹೆಜ್ಜೆ ಸರಿದು ನಿಂತು, ಸೊಂಟ ಮತ್ತೆ ತಾಗಿಸಿ, ಆಮೇಲೆ ತಳ್ಳಿ.

ರ್‍ಯಾಂಪ್

ಹತ್ತು ಅಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ ಗಾಡಿಯನ್ನು ಮೇಲಕ್ಕೆ ತಳ್ಳಲು ಹತ್ತಿರ ಹತ್ತಿರ 20 ಕೆ.ಜಿ. ಬಲ ಬೇಕು. ಬೆಂಗಳೂರಿನ ಎಷ್ಟೋ ಮನೆಗಳ ಮುಂದಿರುವಂತೆ ನಾಲ್ಕು ಅಡಿಗೆ ಒಂದಡಿ ಏರಿದ್ದರೆ 47 ಕೆ.ಜಿ. ಒಬ್ಬರೇ ತಳ್ಳಲು ಹೋಗಬೇಡಿ. ಸೀಟಿನ ಮೇಲೆ ಕೂತು, ಎಂಜಿನ್ ಬಲದಲ್ಲೇ ಮೂತಿ ಮೊದಲು ಹತ್ತಿಸಿ, ಒಳಗೆ ಹೋಗಿ ತಿರುಗಿಸಿ.

ಒಳಗೆ ತಿರುಗಿಸಲು ಜಾಗವೇ ಇಲ್ಲದೆ ಹಿಂಬದಿ ಮೊದಲು ಇಳಿಸಬೇಕಾದಾಗ ಮುಂದಿನ ಬ್ರೇಕನ್ನು ನಂಬಬೇಡಿ. ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲಿರುವುದರಿಂದ ಮುಂದಿನದು ಜಾರಬಹುದು, ಅದರಲ್ಲೂ ನೆಲ ಒದ್ದೆಯಿದ್ದರೆ. ಎಂಜಿನ್ ಆಫ್ ಮಾಡಿ, ಒಂದನೇ ಗೇರ್ ಹಾಕಿ, ಕ್ಲಚ್ ಲಿವರ್ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಿ. ಲಿವರ್ ಬಿಟ್ಟ ಕೂಡಲೇ ಹಿಂದಿನ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ಎಡಗೈಯೇ ಬ್ರೇಕ್ ಆಗುವುದರಿಂದ ಬಲಗೈ ಹಿಂದಿನ ಹಿಡಿಯಲ್ಲೇ ಇರಬಹುದು. ಇಷ್ಟು ಉಪಯೋಗದ ಉಪಾಯ ಬಹಳ ಜನಕ್ಕೆ ಗೊತ್ತೇ ಇಲ್ಲ.

ಡಬಲ್ ಸ್ಟ್ಯಾಂಡ್ ಮೇಲೆ ತಿರುಗಿಸುವುದು

ಹಿಂದೆ ಮುಂದೆ ಮಾಡಲೂ ಜಾಗವಿಲ್ಲದಿದ್ದರೆ ಇದು. ಇಬ್ಬರು ಬೇಕು. ಸ್ಟ್ಯಾಂಡಿನಿಂದ ಮುಂದಿನ ಟೈರಿನ ತುದಿಯವರೆಗೆ ನಾಲ್ಕೂವರೆಯಿಂದ ಐದು ಅಡಿ. ಮೂತಿ ಸುತ್ತುವ ಕಡೆ ಅಷ್ಟು ಜಾಗ ಖಾಲಿ ಇರಲಿ.

5 ಮಿ.ಮೀ. ದಪ್ಪದ, 40×30 ಸೆಂ.ಮೀ. ಅಳತೆಯ ಎರಡು ಕಬ್ಬಿಣದ ಪ್ಲೇಟ್‌ಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ. ನಡುವೆ ತೆಳುವಾಗಿ ಗ್ರೀಸ್ ಸವರಿ, ಒಂದರ ಮೇಲೊಂದಿಟ್ಟು, ಸ್ಟ್ಯಾಂಡಿನ ಎರಡೂ ಕಾಲು ಮೇಲಿನ ಪ್ಲೇಟಿನ ನಡುಭಾಗಕ್ಕೆ ಬರುವಂತೆ ಇಡಿ. ಮೇಲ್ಗಡೆ ಗ್ರೀಸ್ ತಾಗಿರಬಾರದು. ಪ್ಲೇಟಿನ ಎತ್ತರ ಸರಿದೂಗಿಸಲು ಹಿಂದಿನ ಚಕ್ರದ ಕೆಳಗೆ 12 ಮಿ.ಮೀ. ಪ್ಲೈವುಡ್ ತುಂಡಿಡಿ.

ಸ್ಟ್ಯಾಂಡ್ ಹಾಕುವಾಗ ಕೈಯಿಂದ ಎತ್ತಬೇಡಿ. ಸ್ಟ್ಯಾಂಡಿನ ಎರಡೂ ಕಾಲು ಒಟ್ಟಿಗೆ ತಾಗುವ ತನಕ ಗಾಡಿ ನೆಟ್ಟಗೆ ಮಾಡಿ, ಬಲಗಾಲನ್ನು ಸ್ಟ್ಯಾಂಡಿನ ಮೆಟ್ಟಿನ ಮೇಲಿಟ್ಟು ಪೂರ್ತಿ ಮೈಭಾರ ಹಾಕಿ ನಿಂತುಬಿಡಿ. ಗಾಡಿ ತಾನಾಗಿ ಹಿಂದಕ್ಕೆ ಹತ್ತಿಕೊಳ್ಳುತ್ತದೆ, ಬಲಗೈ ದಾರಿ ತೋರಿಸಿದರೆ ಸಾಕು. ಹಿಂದೆ ಒಂದಡಿ ಜಾಗ ಬಿಟ್ಟಿರಿ. ಹತ್ತಿದ ಮೇಲೆ ಸ್ಟ್ಯಾಂಡನ್ನು ಮುಂದಿನ ಫ್ರೇಮ್ ಪೈಪಿಗೆ ಗಟ್ಟಿ ಪಟ್ಟಿಯಿಂದ ಬಿಗಿದರೆ ಅದು ಹಿಂದಕ್ಕೆ ಮಡಚುವುದಿಲ್ಲ.

ಈಗ ಒಬ್ಬರು ಹಿಂದಿನ ಹಿಡಿಯನ್ನು ಕೆಳಗೆ ಒತ್ತಿ ಮುಂಚಕ್ರವನ್ನು ಒಂದು ಬೆರಳಷ್ಟು ಎತ್ತಲಿ. ಇನ್ನೊಬ್ಬರು ಮುಂದಿನ ಫೋರ್ಕ್ ಹಿಡಿದು ಪಕ್ಕಕ್ಕೆ ಮೆಲ್ಲಗೆ ಸುತ್ತಿಸಲಿ. ಮುಂದಕ್ಕೆ ಮಾತ್ರ ಎಳೆಯಲೇಬಾರದು.

ಸೈಡ್ ಸ್ಟ್ಯಾಂಡ್ ಒಂದರ ಮೇಲೇ ಗಾಡಿ ಎತ್ತಿ ಗಿರ್ರನೆ ತಿರುಗಿಸುವವರೂ ಇದ್ದಾರೆ. ಬೇಡ. ಅಷ್ಟೂ ಭಾರ, ಜೊತೆಗೆ ತಿರುಚುವ ಬಲ, ಒಂದೇ ಬೋಲ್ಟ್ ಮತ್ತು ವೆಲ್ಡಿಂಗ್ ಮೇಲೆ ಬೀಳುತ್ತದೆ. ಮೊದಲು ಸ್ಟ್ಯಾಂಡ್ ಬಾಗುತ್ತದೆ, ಆಮೇಲೆ ದಿನವೂ ಗಾಡಿ ಹೆಚ್ಚು ವಾಲಿ ನಿಲ್ಲುತ್ತದೆ.

ದಿನಾ ತಿರುಗಿಸಬೇಕಿದ್ದರೆ ಚಕ್ರದ ಟ್ರಾಲಿ ಮಾಡಿಸುವುದು ಒಳ್ಳೆಯದು. ಉದ್ದ 2.1 ಮೀಟರ್. ಕ್ಯಾಸ್ಟರ್‌ಗಳನ್ನು (ಎಲ್ಲ ದಿಕ್ಕಿಗೂ ತಿರುಗುವ ಪುಟ್ಟ ಚಕ್ರಗಳು) ಪಕ್ಕಕ್ಕೆ ಚಾಚಿ ಕೂರಿಸಿದರೆ ಗಾಡಿ ನಿಲ್ಲುವ ತೊಟ್ಟಿ ನೆಲಕ್ಕೆ ಹತ್ತಿರವಿರುತ್ತದೆ. ನೆಲ ಏರುಪೇರಿದ್ದರೆ ಮೂರೇ ಚಕ್ರಗಳು ಭಾರ ಹೊರುತ್ತವೆ, ಆದ್ದರಿಂದ ಒಂದೊಂದೂ ಕನಿಷ್ಠ 100 ಕೆ.ಜಿ. ತಾಳುವಂಥದ್ದು, 100 ಮಿ.ಮೀ. ವ್ಯಾಸದ್ದು ಇರಲಿ.

ಬಿದ್ದರೆ

ಕೈ ಮೀರಿದ ಗಾಡಿಯನ್ನು ಬಿಟ್ಟುಬಿಡಿ, ಕಾಲು ಹಿಂದೆ ತೆಗೆಯಿರಿ. ಕೀ ಆಫ್ ಮಾಡಿ, ಸಾಧ್ಯವಾದರೆ ಒಂದನೇ ಗೇರ್‌ಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ. ಹ್ಯಾಂಡಲನ್ನು ಬಿದ್ದ ಬದಿಗೇ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಮಾಡಿ ಕುಕ್ಕರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫ್ರೇಮ್ ಹಿಡಿದು, ಪುಟ್ಟ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯುತ್ತಾ ಕಾಲಿನ ಬಲದಿಂದ ಎತ್ತಿ. ಪೆಟ್ರೋಲ್ ಸೋರಿದ್ದರೆ ಒರೆಸಿ, ವಾಸನೆ ಹೋಗುವ ತನಕ ಕಾಯಿರಿ. ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ: ಫ್ಯೂಯಲ್ ಇಂಜೆಕ್ಷನ್ ಮಾದರಿಗಳಲ್ಲಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ, ಕೀ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ.